ವೆಂಕಟಸ್ವಾಮಿಗೆ ಕಾಣುವಷ್ಟು ದೊಡ್ಡ ಡಿಶ್

ಗೇಟಿನ ಮುಂದೆ ಲಗೇಜ್ ಆಟೊ ನಿಂತು, ಅದರಿಂದ ಆಳೆತ್ತರದ ಬಿಳೀ ಬಾಂಡ್ಲಿಯೊಂದು ಇಳಿದಾಗ ಮೋಹಿತ್ ಮೊದಲ ಮಹಡಿಯ ಬಾಲ್ಕನಿಯಲ್ಲಿ ಹಲ್ಲುಜ್ಜುತ್ತಿದ್ದ. ಭಾನುವಾರ. ಅಷ್ಟು ದೊಡ್ಡ ಬಾಂಡ್ಲಿಯಲ್ಲಿ ಇನ್ನೇನು ಮಾಡುತ್ತಾರೆ, ಅಡುಗೆಯೇ. ಓನರ್ ಆಂಟಿ ಇಡೀ ಸುದ್ದಗುಂಟೆಪಾಳ್ಯಕ್ಕೆ ಊಟ ಹಾಕಿಸುತ್ತಿದ್ದಾರೆ ಎಂದು ತೀರ್ಮಾನಿಸಿ ಅವನು ತಿಂಡಿ ಬಿಟ್ಟ. ಮಧ್ಯಾಹ್ನಕ್ಕೆ ಕುಕ್ಕರೂ ಇಡಲಿಲ್ಲ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಕರೆಯುವ ಮೊದಲೇ ಹೋದರೆ ಚೆನ್ನಾಗಿರುವುದಿಲ್ಲವೆಂದು ಮಂಚದ ತುದಿಯಲ್ಲಿ ಕೂತ. ಜಯನಗರದ ಲ್ಯಾಬೊಂದರ ಬಿಲ್ಲಿಂಗ್ ಕೌಂಟರಿನಲ್ಲಿ ಬಂದವರನ್ನೆಲ್ಲ "ಖಾಲಿ ಹೊಟ್ಟೇಲಿ ಬಂದಿದೀರಾ?" ಎಂದು ಕೇಳಿ ಸಂಬಳ ಎಣಿಸುವ ಮನುಷ್ಯ ಅವನು. ಆ ಪ್ರಶ್ನೆಯ ಕಷ್ಟ ಅವನಿಗೆ ಅರ್ಥವಾದದ್ದು ಅವತ್ತು. ಕೊನೆಗೆ ಹಸಿವು ಮರ್ಯಾದೆಯನ್ನು ಪಕ್ಕಕ್ಕೆ ತಳ್ಳಿ ಅವನನ್ನು ಹಿತ್ತಲಿಗೆ ಇಳಿಸಿತು.

"ಆಂಟಿ, ಒಲೆ ಇನ್ನೂ ಹಚ್ಚಿಲ್ವಾ?"

"ಯಾವ ಒಲೆನೋ?"

"ಅಲ್ಲ, ಬಾಂಡ್ಲಿ ಬಂತಲ್ಲ ಬೆಳಿಗ್ಗೆ…"

ಅಂಜನಮ್ಮ ಅವನ ಇಸ್ತ್ರಿ ಶರ್ಟನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ ನಿನ್ ಮನೆ ಕಾಯ್ವಾಗ! ಅದು ಟಿವಿ ಡಿಶ್ ಕಣೋ. ಶಿವರಾಮ್, ನೋಡಪ್ಪ ಇಲ್ಲಿ, ಇವನು ನಿನ್ ಡಿಶ್‌ನಲ್ಲಿ ಪುಳಿಯೋಗರೆ ಕಲ್ಸಕ್ಕೆ ಬಂದವ್ನೆ!"

ಡಿಶ್ ತಂದಿದ್ದ ವಿಲ್ಸನ್ ಗಾರ್ಡನ್ನಿನ ಶಿವರಾಮ್ ನಗುವ ರಭಸಕ್ಕೆ ಕೈಯಲ್ಲಿದ್ದ ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡ. ಅದೊಂದೇ ಮೋಹಿತ್‌ಗೆ ಸಮಾಧಾನ.

ಒಳಗೆ ಕರೆದು ಮುದ್ದೆ, ಬಸ್ಸಾರು ಬಡಿಸಿದರು. ತಿನ್ನುತ್ತ ತಿನ್ನುತ್ತ ಅವನು ತನಗೆ ತಿಳಿದದ್ದನ್ನು ಹೇಳಿದ. "ಆಂಟಿ, ಫ್ರೀ ಚಾನೆಲ್ ಬೇಕು ಅಂದ್ರೆ ಇಷ್ಟು ದೊಡ್ಡದು ಯಾಕೆ? ಈಗ ಮೊರದಷ್ಟು ಚಿಕ್ಕ ಡಿಶ್ ಬರುತ್ತೆ. ಟೆರೇಸ್ ಮೇಲೆ ಹಾಕಿದ್ರೆ ಯಾರಿಗೂ ಗೊತ್ತೇ ಆಗಲ್ಲ."

"ಅದಕ್ಕೇ ಬೇಡ. ಗೊತ್ತಾಗ್ಬೇಕು," ಎಂದರು ಅಂಜನಮ್ಮ, ಇನ್ನೊಂದು ಸೌಟು ಸಾರು ಹಾಕುತ್ತ. "ಚಿಕ್ಕದು ವೆಂಕಟಸ್ವಾಮಿ ಮನೆಗೆ ಕಾಣ್ಸುತ್ತಾ?"

ಅಂಜನಮ್ಮನ ಜ್ಞಾಪಕಶಕ್ತಿಯ ಬಗ್ಗೆ ಬಾಡಿಗೆದಾರರಿಗೆಲ್ಲ ಒಂದು ಭಯವಿತ್ತು. ಅಳತೆ ಕೆಡಿಸಿದ ಟೈಲರೊಬ್ಬನ ಅಂಗಡಿಯ ಮುಂದೆ ಅವರು ಅದೇ ಕೆಟ್ಟ ರವಿಕೆ ತೊಟ್ಟು ಹಾದುಹೋಗುತ್ತಿದ್ದರು, ಅದೂ ಒಳಗೆ ಗಿರಾಕಿ ಇರುವ ಹೊತ್ತು ನೋಡಿ. ಗಂಡ ಗಂಗಾಧರಯ್ಯ ಸಾಧು ಮನುಷ್ಯ. ಈಗ ಅಪಾರ್ಟ್‌ಮೆಂಟ್ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಕೊತ್ತಂಬರಿ, ದಂಟು ಬೆಳೆದು ಮಾರುಕಟ್ಟೆಗೆ ಹಾಕುತ್ತಿದ್ದವರು. ಭೂಮಿ ಹೋಗಿ ಬಾಡಿಗೆ ಮನೆಗಳೆದ್ದ ಮೇಲೂ ಸಂಜೆ ಚಂದನದಲ್ಲಿ ಕೃಷಿ ಕಾರ್ಯಕ್ರಮ ಬಂದರೆ ಟಿವಿಯ ಮುಂದಿನಿಂದ ಏಳುತ್ತಿರಲಿಲ್ಲ. ಗೊಬ್ಬರ ತಪ್ಪು ಹೇಳಿದರೆ ಟಿವಿಯನ್ನೇ ಬೈಯುತ್ತಿದ್ದರು.

ಆ ಟಿವಿಗೆ ಕೇಬಲ್ ಕೊಟ್ಟಿದ್ದವನು ಪಕ್ಕದ ಮನೆಯ ವೆಂಕಟಸ್ವಾಮಿ, ಗಂಗಾಧರಯ್ಯನವರ ಚಿಕ್ಕಪ್ಪನ ಮಗ. ಬೀದಿಯ ಅರ್ಧ ಮನೆಗಳಿಗೆ ಹೋಗುವ ಅವನ ಮೇನ್ ವೈರು ಅಣ್ಣನ ಮನೆಯ ಟೆರೇಸ್ ಮೇಲೆ ಹಾದುಹೋಗುತ್ತಿತ್ತು. ಅದಕ್ಕೆ ಬದಲಾಗಿ ಅಣ್ಣನಿಗೆ ಕನೆಕ್ಷನ್ ಫ್ರೀ. ದಾಯಾದಿಗಳ ನಡುವಿನ ಬಾಯಿಮಾತು.

ಹೋದ ವರ್ಷ ಗಂಗಾಧರಯ್ಯ ತೀರಿಕೊಂಡರು. ತಿಥಿಯ ದಿನ ಅಂಜನಮ್ಮ ಗಂಡನಿಗೆ ಇಷ್ಟವಾದದ್ದನ್ನೆಲ್ಲ ಎಡೆಗಿಟ್ಟರು. ಮಾಂಸದ ಸಾರು, ವಡೆ, ಒಂದು ಕಟ್ಟು ಬೀಡಿ, ಕ್ವಾರ್ಟರ್ ಬ್ರಾಂಡಿ. ಕೃಷಿ ಕಾರ್ಯಕ್ರಮವೂ ಇರಲಿ ಎಂದು ಟಿವಿಗೆ ಚಂದನ ಹಾಕಿದರು. ಆಮೇಲೆ ಪದ್ಧತಿಯಂತೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ಹೋದವರು ಬಂದು ಉಣ್ಣುವ ಹೊತ್ತು ಅದು. ಯಾರೂ ಮಾತಾಡುವಂತಿಲ್ಲ, ಒಳಗೆ ಇಣುಕುವಂತಿಲ್ಲ.

ಒಳಗೆ ಟಿವಿಯ ಮಾತು ಥಟ್ಟನೆ ನಿಂತಿತು. ಬಾಗಿಲು ತೆರೆದರೆ ಪರದೆ ನೀಲಿ.

"ಅಣ್ಣ ಬಂದಿದ್ದ! ಕೋಪ ಮಾಡ್ಕೊಂಡು ಟಿವಿ ಆರಿಸ್ಬಿಟ್ಟು ಹೋದ!" ಎಂದು ಮೊದಲು ಕೂಗಿದವಳು ನಾದಿನಿ ಚೂಡಾಮಣಿ. ಅಷ್ಟರಲ್ಲಿ ಟೆರೇಸಿನಿಂದ ಇಳಿದು ಬಂದ ವೆಂಕಟಸ್ವಾಮಿಯೂ ಪರದೆ ನೋಡಿ, ತಲೆ ಆಡಿಸಿ, "ಅಣ್ಣಂಗೆ ಮನಸ್ಸಲ್ಲಿ ಏನೋ ನೋವಿತ್ತು," ಅಂದ. ಅಲ್ಲಿಂದ ಗಿರಿನಗರದ ನೆಂಟರ ಮನೆಯವರೆಗೂ ಮಾತು ಹರಡಿತು: ಅಂಜನಮ್ಮ ಇಟ್ಟ ಎಡೆ ಗಂಡನಿಗೆ ಸೇರಲಿಲ್ಲ. ಬದುಕಿದ್ದಾಗ ಏನು ಗೋಳು ಹುಯ್ದುಕೊಂಡಿದ್ದಳೋ. ಸೀಮಂತಕ್ಕೆ, ಗೃಹಪ್ರವೇಶಕ್ಕೆ ಹೋದಲ್ಲೆಲ್ಲ ಹೆಂಗಸರು ಅವರನ್ನು ಕಂಡು ಮಾತು ನಿಲ್ಲಿಸತೊಡಗಿದರು.

ತಿಥಿಯ ಮಾರನೆಯ ದಿನ ಹಪ್ಪಳ ಒಣಗಿಸಲು ಟೆರೇಸಿಗೆ ಹೋದಾಗ ಅಂಜನಮ್ಮನಿಗೆ ಕಂಡದ್ದು ಕಟಿಂಗ್ ಪ್ಲೇಯರಿನಲ್ಲಿ ನೀಟಾಗಿ ಕತ್ತರಿಸಿದ ತಮ್ಮ ಮನೆಯ ಕೇಬಲ್ಲು. ಹೇಳಿದರೆ ಯಾರೂ ನಂಬಲಿಲ್ಲ. ವೆಂಕಟಸ್ವಾಮಿ, "ಇಲಿ ಇರ್ಬೇಕು ಅತ್ಗೆ," ಅಂದ.

"ಇಲಿ ಅಂತೆ ಇಲಿ," ಎಂದರು ಅಂಜನಮ್ಮ, ಮೋಹಿತ್‌ನ ತಟ್ಟೆ ಎತ್ತುತ್ತ. "ಹಿರಿಯರ ಹಬ್ಬಕ್ಕೆ ಎಲ್ಲರನ್ನೂ ಕರೀತೀನಿ. ಅದೇ ನೆಂಟರು, ಅದೇ ಎಡೆ, ಅದೇ ಟಿವಿ. ಬಾಗ್ಲು ಹಾಕಿ ತೆಗೆಯೋ ತನಕ ಓಡ್ಬೇಕು. ಆ ಇಲಿಯ ವೈರಲ್ಲಿ ಅಲ್ಲ. ನಿಂತೋಯ್ತೋ, ನಾನು ಸಾಯೋ ತನಕ ಗಂಡನಿಗೆ ಬೇಡವಾದ ಹೆಂಡ್ತಿ."

ಹಿತ್ತಲಿನ ನಡುವೆ ಗುಂಡಿ ತೆಗೆದು, ಕಬ್ಬಿಣದ ಕಂಬ ನೆಟ್ಟು, ಕಾಂಕ್ರೀಟು ಸುರಿದು ಒಣಗಲು ಬಿಟ್ಟರು. ಮುಂದಿನ ಭಾನುವಾರ ಡಿಶ್ ಏರಿತು. ದಿಕ್ಕು ಹೊಂದಿಸುವ ಕೆಲಸಕ್ಕೆ ಮೋಹಿತ್ ತಾನಾಗಿ ಮುಂದೆ ಬಂದ. ಮೊಬೈಲಿನಲ್ಲಿ ದಿಕ್ಸೂಚಿ ನೋಡಿ, ಬಹಳ ಆತ್ಮವಿಶ್ವಾಸದಿಂದ ಡಿಶ್ಶನ್ನು ಎದುರುಮನೆಯ ಸಿಂಟೆಕ್ಸ್ ಟ್ಯಾಂಕಿನ ಕಡೆ ತಿರುಗಿಸಿದ.

"ಸಾರ್, ಅಲ್ಲಿ ನೀರು ಸಿಗುತ್ತೆ, ಚಾನೆಲ್ ಸಿಗಲ್ಲ," ಎಂದು ಶಿವರಾಮ್ ಅದನ್ನು ಆಕಾಶದ ಕಡೆ, ಹೆಚ್ಚುಕಡಿಮೆ ಅಂಗಾತ ಮಲಗಿಸಿದ. ಆಮೇಲೆ ಹಿತ್ತಲಿಗೂ ಹಾಲ್‌ಗೂ ನಡುವೆ ಕೂಗಾಟ ಶುರುವಾಯಿತು.

"ಬಂತಾ ಅಕ್ಕ?"

"ಇಲ್ಲಪ್ಪ!"

"ಈಗ?"

"ಒಬ್ಬ ಬಂದ! ಮುಖ ಚೂರುಚೂರಾಗವ್ನೆ!"

"ಈಗ?"

"ಹೋದ!"

ಶಿವರಾಮ್ ತಲೆ ಎತ್ತಿ ನೋಡಿದ. ವೆಂಕಟಸ್ವಾಮಿಯ ಕಾಂಪೌಂಡಿನ ನುಗ್ಗೆಮರದ ದೊಡ್ಡ ಕೊಂಬೆಯೊಂದು ಈಚೆ ಚಾಚಿ ಡಿಶ್ಶಿಗೆ ಕೊಡೆ ಹಿಡಿದಿತ್ತು. "ಇದು ಅಡ್ಡ ಬರ್ತಿದೆ ಅಕ್ಕ."

ಅಂಜನಮ್ಮ ಒಳಗೆ ಹೋಗಿ ಮಚ್ಚು ತಂದು, ಸ್ಟೂಲಿನ ಮೇಲೆ ಹತ್ತಿ, ತಮ್ಮ ಕಡೆ ಬಂದಿದ್ದಷ್ಟನ್ನೂ ಕಾಂಪೌಂಡಿನ ನೇರಕ್ಕೆ ಕಡಿದುಹಾಕಿದರು. ಸದ್ದಿಗೆ ಆಚೆಯಿಂದ ವೆಂಕಟಸ್ವಾಮಿಯ ತಲೆ ಎದ್ದಿತು. ಕೊಂಬೆ ನೋಡಿತು, ಡಿಶ್ ನೋಡಿತು.

"ಏನ್ ಅತ್ಗೆ ಇದು, ಇಷ್ಟ್ ದೊಡ್ಡದು? ಮಂಗಳ ಗ್ರಹದ ಚಾನೆಲ್ ನೋಡ್ತೀರಾ? ಇದ್ರಲ್ಲಿ ಒಂದ್ ಸೀರಿಯಲ್ಲೂ ಬರಲ್ಲ, ತಿಳ್ಕೊಳಿ. ಬರೀ ಭಜನೆ, ನ್ಯೂಸು."

"ಭಜನೆ ಮಾಡೋ ವಯಸ್ಸೇ ಅಲ್ವೇನಪ್ಪಾ ನಂದು," ಎಂದರು ಅಂಜನಮ್ಮ ಮಚ್ಚು ಕೈಯಲ್ಲೇ ಹಿಡಿದು. "ಅಮಾವಾಸ್ಯೆಗೆ ಮನೆಗೆ ಬಾ. ತಪ್ಪಿಸ್ಬೇಡ. ನುಗ್ಗೆಕಾಯಿ ಸಾರು ಮಾಡ್ತೀನಿ."

ಸೀರಿಯಲ್ ಬರುವುದಿಲ್ಲವೆಂಬುದು ನಿಜವೇ. ಕೇಬಲ್ ಇದ್ದಾಗ ರಾತ್ರಿ ಎಂಟರಿಂದ ಹತ್ತರವರೆಗೆ ಕದಲದೆ ಕೂರುತ್ತಿದ್ದ ಹೆಂಗಸು ಈಗ ಅದೇ ಹೊತ್ತಿನಲ್ಲಿ ಚಂದನದ ಮರುಪ್ರಸಾರದಲ್ಲಿ ಕಾಂಪೋಸ್ಟ್ ಗುಂಡಿ ತೋಡುವುದನ್ನು ನೋಡುತ್ತಿದ್ದರು. ಸೀರಿಯಲ್ಲಿನಲ್ಲಿ ಯಾರು ಯಾರನ್ನು ಮದುವೆಯಾದರೆಂದು ಮೋಹಿತ್ ಮೊಬೈಲಿನಲ್ಲಿ ನೋಡಿ ಹೇಳಹೊರಟರೆ ಕೈ ಅಡ್ಡ ಹಿಡಿಯುತ್ತಿದ್ದರು. ಬಾಡಿಗೆ ಮನೆಗಳಿಗೂ ಆ ಡಿಶ್ಶಿನಿಂದಲೇ ವೈರು ಎಳೆಸಿದರು. ಮೂರು ಮನೆಯವರು ವೆಂಕಟಸ್ವಾಮಿಯ ಕೇಬಲ್ ಬಿಟ್ಟರು. ಒಬ್ಬರಿಗೆ ನಿಜಕ್ಕೂ ಉಳಿತಾಯ ಬೇಕಿತ್ತು, ಇನ್ನಿಬ್ಬರಿಗೆ ಅಂಜನಮ್ಮನ ಭಯವಿತ್ತು. ಮೋಹಿತ್ ಆ ಇನ್ನಿಬ್ಬರಲ್ಲಿ ಒಬ್ಬ.

ಮಹಾಲಯ ಅಮಾವಾಸ್ಯೆ ಬಂತು. ಹಾಲ್ ತುಂಬ ನೆಂಟರು. ಗಿರಿನಗರದವರು, ಚೂಡಾಮಣಿ, ಅಂಚಿನಲ್ಲಿ ಬಿಳೀ ಪಂಚೆಯ ವೆಂಕಟಸ್ವಾಮಿ. ಹಿರಿಯರ ಹಬ್ಬಕ್ಕೆ ಕರೆದ ಮೇಲೆ ದಾಯಾದಿ ಬಾರದಿದ್ದರೆ ಅದಕ್ಕೆ ಬೇರೆಯೇ ಅರ್ಥ ಹುಟ್ಟುತ್ತದೆ. ಎಡೆ ಇಟ್ಟು, ಟಿವಿಗೆ ಚಂದನ ಹಾಕಿ, ವಾಲ್ಯೂಮು ಏರಿಸಿ ಬಾಗಿಲು ಮುಚ್ಚಿದರು. ಅಂಜನಮ್ಮ ವೆಂಕಟಸ್ವಾಮಿಯನ್ನು ಕರೆದು ತಮ್ಮ ಪಕ್ಕದಲ್ಲೇ ನಿಲ್ಲಿಸಿಕೊಂಡರು. ಮೋಹಿತ್‌ಗೆ ಹಿತ್ತಲಿನ ಕಾವಲು. "ಯಾರೂ ಮುಟ್ಟಬಾರ್ದು. ಆ ದೇವ್ರೇ ಬಂದ್ರೂ," ಎಂದು ಹೇಳಿದ್ದರು.

ದೇವರು ಬರಲಿಲ್ಲ. ಕಾಗೆ ಬಂತು.

ಅದು ಕಾಂಪೌಂಡಿನ ಮೇಲೆ ಕೂತು, ಕುಪ್ಪಳಿಸಿ, ಡಿಶ್ಶಿನ ನಡುವೆ ಎದ್ದುನಿಂತ ಕಡ್ಡಿಯ ತುದಿಯಲ್ಲಿ, ಸಿಗ್ನಲ್ ಹಿಡಿಯುವ ಡಬ್ಬಿಯ ಮೇಲೆಯೇ ಆಸೀನವಾಯಿತು. ಕಿಟಕಿಯಿಂದ ಕೇಳುತ್ತಿದ್ದ ಎರೆಹುಳುವಿನ ಮಾತು ತೊದಲತೊಡಗಿತು. ಮೋಹಿತ್ ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಇವತ್ತಿನ ದಿನ ಕಾಗೆಯೆಂದರೆ ಯಾರು? ಬಾಡಿಗೆದಾರನೊಬ್ಬ ಓನರ್ ಅಂಕಲ್ಲನ್ನೇ "ಹುಶ್" ಎಂದು ಓಡಿಸಿದರೆ ಅಡ್ವಾನ್ಸು ವಾಪಸು ಬರುತ್ತದೆಯೇ? ಓಡಿಸದಿದ್ದರೆ ಟಿವಿ ನಿಲ್ಲುತ್ತದೆ. ಕಾಗೆ ಕತ್ತು ಓರೆ ಮಾಡಿ ಅವನನ್ನು ನೋಡಿತು. ಒಳಗೆ ದನಿ ಒಂದು ಪದ ನುಂಗಿತು, ಇನ್ನೊಂದು ನುಂಗಿತು.

ಅಡುಗೆಮನೆಯಿಂದ ಕದ್ದು ಜೇಬಿಗೆ ಸೇರಿಸಿದ್ದ ವಡೆ ಅವನಿಗೆ ನೆನಪಾಯಿತು. ತೆಗೆದು, "ಬನ್ನಿ ಅಂಕಲ್, ಇಲ್ಲಿ ತಗೊಳಿ," ಎಂದು ಪಿಸುಗುಟ್ಟುತ್ತ ಕಾಂಪೌಂಡಿನ ಮೇಲಿಟ್ಟು ಹಿಂದೆ ಸರಿದ. ಕಾಗೆ ಯೋಚಿಸಿತು. ಹಾರಿತು. ಒಳಗಿನ ದನಿ ಕೆಮ್ಮಿದಂತಾಗಿ, ಎರೆಹುಳು ಮಣ್ಣಿಗೆ ಎಂಥ ಉಪಕಾರಿಯೆಂದು ಮತ್ತೆ ಗಟ್ಟಿಯಾಗಿ ಹೇಳತೊಡಗಿತು. ಬಾಗಿಲು ತೆರೆಯುವ ತನಕ ನಿಲ್ಲಲಿಲ್ಲ.

ಪಂಕ್ತಿ ಕೂತಿತು. ಅಂಜನಮ್ಮ ತಾವೇ ಸಾರಿನ ಪಾತ್ರೆ ಹಿಡಿದು ಬಂದು ವೆಂಕಟಸ್ವಾಮಿಯ ಎಲೆಯ ಮುಂದೆ ನಿಂತರು.

"ಈ ಸಲ ನಿಮ್ಮಣ್ಣ ಟಿವಿ ಆರಿಸ್ಲೇ ಇಲ್ವಲ್ಲಪ್ಪಾ."

"ಹೂಂ ಅತ್ಗೆ. ಸಮಾಧಾನ ಆಗಿರ್ಬೇಕು."

"ಹೋದ್ಸಲ ಏನ್ ಕೋಪ ಅಂತ ನಿಂಗೆ ಗೊತ್ತಿತ್ತಲ್ಲ. ಹೇಳು, ಎಲ್ರೂ ಇದಾರೆ. ಅಣ್ಣನ ಎಡೆ ಅನ್ನ ನಿನ್ ಎಲೆ ಮೇಲಿದೆ. ಕೈಯಿಟ್ಟು ಹೇಳು."

ಪಂಕ್ತಿ ಉಣ್ಣುವುದನ್ನು ನಿಲ್ಲಿಸಿತು. ವೆಂಕಟಸ್ವಾಮಿ ಎಲೆಯ ಕಡೆ ನೋಡಿದ, ಗೋಡೆಯ ಫೋಟೊದ ಕಡೆ ನೋಡಿದ. ಹಿರಿಯರ ಅನ್ನದ ಮೇಲೆ ಕೈಯಿಟ್ಟು ಸುಳ್ಳು ಹೇಳುವ ಧೈರ್ಯ ಆ ಮನೆತನದಲ್ಲಿ ಯಾರಿಗೂ ಇರಲಿಲ್ಲ.

"ಅಣ್ಣ ಇರೋ ತನಕ ಫ್ರೀ ಅಂತ ಮಾತಾಗಿತ್ತು," ಎಂದ ಸಣ್ಣ ದನಿಯಲ್ಲಿ. "ಅಣ್ಣ ಹೋದ್ರಲ್ಲ. ಅದಕ್ಕೆ ಕಟ್ ಮಾಡ್ದೆ. ಒಳಗೆ ಎಡೆ ಮುಂದೆ ಟಿವಿ ಇಟ್ಟಿದೀರ ಅಂತ ನಂಗೆ ಗೊತ್ತಿರ್ಲಿಲ್ಲ."

ಚೂಡಾಮಣಿ ಬಾಯಿಗೆ ಹೊರಟಿದ್ದ ತುತ್ತನ್ನು ಎಲೆಗೆ ಇಳಿಸಿದಳು. "ಗೊತ್ತಾದ್ಮೇಲೆ ಯಾಕೋ ಬಾಯಿ ಬಿಡ್ಲಿಲ್ಲ? ನಾನು ಊರೆಲ್ಲ ಹೇಳ್ಕೊಂಡು ಬಂದ್ನಲ್ಲೋ, ಪಾಪಿ!"

ಅವನು ಎದ್ದು ಅತ್ತಿಗೆಯ ಕಾಲಿಗೆ ಬೀಳಹೋದ. ಅಂಜನಮ್ಮ ಕಾಲು ಹಿಂದೆ ತೆಗೆದುಕೊಂಡರು.

"ಊಟದ ಮಧ್ಯ ಏಳ್ಬಾರ್ದು, ಕೂತ್ಕೋ. ಅಣ್ಣ ಇರೋ ತನಕ ಅಂತ ತಾನೇ ಮಾತು? ಸರಿ. ನನ್ ಟೆರೇಸ್ ಮೇಲೆ ನಿನ್ ಮೇನ್ ವೈರ್ ಇರೋದೂ ಅಣ್ಣ ಇರೋ ತನಕಾನೇ. ನಾಳೆ ತೆಗ್ಸು."

"ಅತ್ಗೆ, ಅರ್ಧ ಬೀದಿ ಕನೆಕ್ಷನ್…"

"ನುಗ್ಗೆಕಾಯಿ ಹಾಕ್ಲಾ? ನಿನ್ ಮರದ್ದೇ."

ನೆಂಟರೆಲ್ಲ ಹೋದ ಮೇಲೆ ಅಂಜನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕಾಲು ನೀಡಿ ಕೂತು ಎಲೆಅಡಿಕೆ ಹಾಕಿಕೊಂಡರು. ಪಾತ್ರೆ ಒಳಗಿಡುತ್ತಿದ್ದ ಮೋಹಿತ್‌ಗೆ ಕಾಗೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಅದರ ಸುತ್ತಲೇ ಸುಳಿದು, ಕೊನೆಗೆ ಕೇಳಿಯೇಬಿಟ್ಟ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಅಂಕಲ್ ನಿಜವಾಗ್ಲೂ ಬಂದು ಟಿವಿ ನೋಡಿದ್ರು ಅಂತೀರಾ?"

"ಅವ್ರು ಬಂದ್ರೋ ಬಿಟ್ರೋ ನಂಗೇನೋ ಗೊತ್ತು?" ಎಂದರು ಅಂಜನಮ್ಮ. "ವೆಂಕಟಸ್ವಾಮಿ ಬಂದಿದ್ನಲ್ಲ."