ಹರಕೆಯ ಕೋಳಿ ಮತ್ತು ನನ್ನ ಗಣಿತ

ನನ್ನ ಮೊಣಕಾಲಿಗೆ ಹಚ್ಚಲೆಂದು ಹೆಂಡತಿ ಶಾಂತವ್ವ ಎಣ್ಣೆಯಲ್ಲಿ ಅರಿಶಿಣ ಬಿಸಿ ಮಾಡುತ್ತಿದ್ದಾಳೆ. ಆ ವಾಸನೆ ಅಡುಗೆಮನೆಯಿಂದ ನನ್ನ ಮೇಜಿನ ತನಕ ಬಂತು. ನಾನು ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡುವವನು. ಬರೆಯಲು ಕೂತದ್ದು ಬೇರೇನೋ, ವಾಸನೆ ಬಂದ ಮೇಲೆ ಅದು ಮರೆತೇ ಹೋಯಿತು. ಅರಿಶಿಣದೆಣ್ಣೆ ಎಂದರೆ ನಿಮಗೆ ಮದುವೆಯೋ ಬಾಣಂತಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಪುಕ್ಕ ಉದುರಿದ ಒಂದು ಕೋಳಿಯ ಕುತ್ತಿಗೆ.

ತೊಂಬತ್ತರ ದಶಕದ ಕೊನೆಯ ಮಾತು. ಗೋಪನಕೊಪ್ಪದಲ್ಲಿ ನಮ್ಮ ಸಣ್ಣ ಮನೆ, ಹಿಂದೆ ಹಿತ್ತಲು, ಹಿತ್ತಲಲ್ಲಿ ಅವ್ವನ ಕೋಳಿಗಳು. ನಾನು ಒಂದು ಕಚೇರಿಯಲ್ಲಿ ಜವಾನನಾಗಿದ್ದೆ. ಶಾಲೆ ಅರ್ಧಕ್ಕೆ ಬಿಟ್ಟಿದ್ದವನು ಗುಮಾಸ್ತನಾಗುವ ಆಸೆಯಿಂದ, ಮದುವೆಯಾದ ಮೇಲೆ ಎಸ್ಸೆಸ್ಸೆಲ್ಸಿಗೆ ಕಟ್ಟಿದೆ. ಉಳಿದೆಲ್ಲ ಆಯಿತು, ಗಣಿತ ಮಾತ್ರ ಆಗಲಿಲ್ಲ. ಮಗ ಗಣಿತ ದಾಟಿದರೆ ಒಂದು ಕೋಳಿ ಬಿಡುತ್ತೇನೆ ಎಂದು ಅವ್ವ ಊರದೇವತೆ ದ್ಯಾಮವ್ವನಿಗೆ ಹರಕೆ ಹೊತ್ತಳು. ನಮ್ಮ ಮನೆಯಲ್ಲಿ ಹರಕೆಯ ಕೋಳಿಯನ್ನು ಕೊಯ್ಯುವುದಿಲ್ಲ, ಗುಡಿಯ ಹಿಂದಿನ ಬಯಲಿನಲ್ಲಿ ಜೀವಂತ ಬಿಟ್ಟು ಬರುತ್ತೇವೆ. ಬಿಡುವ ದಿನದ ತನಕ ಅದನ್ನು ಹೊಡೆಯುವಂತಿಲ್ಲ, ಕಟ್ಟುವಂತಿಲ್ಲ, ಮುಚ್ಚಿಡುವಂತಿಲ್ಲ. ಒಂದು ಕೆಂಪು ಕೋಳಿಯ ಕಾಲಿಗೆ ಅವ್ವ ಗುರುತಿಗೆ ಅರಿಶಿಣದ ದಾರ ಕಟ್ಟಿದಳು. ಆ ಸಲವೂ ನಾನು ನಪಾಸಾದೆ. ದಾರ ಹಾಗೇ ಉಳಿಯಿತು.

ತನ್ನನ್ನು ಯಾರೂ ಏನೂ ಮಾಡುವುದಿಲ್ಲ ಎಂಬುದು ಆ ಕೋಳಿಗೆ ಹೇಗೆ ತಿಳಿಯಿತೋ ಕಾಣೆ. ಜೋಳ ಚೆಲ್ಲಿದರೆ ಅದು ತಿಂದು ಮುಗಿಸುವ ತನಕ ಬೇರೆ ಕೋಳಿಗಳು ದೂರ ನಿಲ್ಲಬೇಕು. ಅವಸರ ಮಾಡಿದವಕ್ಕೆ ತಲೆಯ ಮೇಲೆ ಕುಕ್ಕು. ಗೌಡಶಾನಿ, ಅಂದರೆ ಊರ ಗೌಡನ ಹೆಂಡತಿ, ಎಂದು ಹೆಸರಿಟ್ಟವಳು ಶಾಂತವ್ವ. ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದದ್ದು ಅವಳ ಕರಿಕಿ. ಉಪ್ಪಿನಬೆಟಗೇರಿಯ ತವರಿನಿಂದ ಬಸ್ಸಿನಲ್ಲಿ ಮಡಿಲಲ್ಲಿ ಕೂಡಿಸಿಕೊಂಡು ತಂದಿದ್ದ ಕರಿ ಕೋಳಿ ಅದು. ಅದರ ಕುತ್ತಿಗೆ ಬೋಳಾಗಿ ರಕ್ತ ಜಿನುಗುತ್ತಿತ್ತು. ಶಾಂತವ್ವ ಅರಿಶಿಣದೆಣ್ಣೆ ಹಚ್ಚಿ ಅದರ ಮೇಲೆ ಬಿದಿರಿನ ಬುಟ್ಟಿ ಮುಚ್ಚುತ್ತಿದ್ದಳು. ಗಾಯ ಮಾಯ್ದು ಕರಿಕಿ ಹೊರಗೆ ಬಂತೆಂದರೆ ಗೌಡಶಾನಿ ಹೊಸಬಳು ಬಂದಳೇನೋ ಎಂಬಂತೆ ಇನ್ನೂ ಜೋರಾಗಿ ಕುಕ್ಕುತ್ತಿತ್ತು. ಮತ್ತೆ ಎಣ್ಣೆ, ಮತ್ತೆ ಬುಟ್ಟಿ. ನೋಡಿ ನೋಡಿ ನನಗೇ ದಣಿವಾಗುತ್ತಿತ್ತು.

“ಅತ್ತೀ, ಆ ಗೌಡಶಾನಿನ್ನ ನಾಕ ದಿನಾ ಬುಟ್ಟ್ಯಾಗ ಹಾಕೂಣ್ರಿ. ಹಿಂಗ ಬಿಟ್ರ ನನ್ನ ಕರಿಕಿ ಸಾಯ್ತೈತ್ರಿ.”

“ದೇವರ ಕೋಳಿಗೆ ಬುಟ್ಟಿ ಡಬ್ಬ ಹಾಕ್ತಿಯಾ? ನನ್ನ ಮಗಾ ಪಾಸಾಗೂದು ಬ್ಯಾಡೇನ ನಿನಗ?”

“ಪಾಸಾಗೂ ಲಕ್ಷಣಾ ಎಲ್ಲಿ ಅದಾವ್ರಿ,” ಎಂದು ಶಾಂತವ್ವ ಮೆಲ್ಲಗೆ ಅಂದಳು. ಅತ್ತೆಗೆ ಕೇಳದಷ್ಟು, ನನಗೆ ಕೇಳುವಷ್ಟು.

ಪಕ್ಕದ ಮನೆಯ ಕಾಸೀಂ ಕಾಕಾ ಸ್ಕೂಟರ್ ರಿಪೇರಿ ಮಾಡುವವರು. ಗೋಡೆಯ ಮೇಲಿಂದ ಅವರೂ ಒಂದು ಮಾತು ಎಸೆದರು: “ಏನೋ ತಮ್ಮಾ, ಲೆಕ್ಕಾ ತಪ್ಪಾಂವ ನೀನು, ಹೊಡತಾ ತಿನ್ನೂದು ಆ ಕರೀ ಕೋಳಿ. ಇದ್ಯಾವ ನ್ಯಾಯಾನೋ?”

ಸಂಜೆ ಕಚೇರಿಯಿಂದ ಬಂದು ಹಿತ್ತಲ ಬಾಗಿಲಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಬುಟ್ಟಿಯ ಸಂದಿಯಿಂದ ಕರಿಕಿ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಿತ್ತು. ಬೀಜಗಣಿತ ಅರ್ಥವಾಗದೆ ನಾನೂ ಅದನ್ನು ನೋಡುತ್ತಿದ್ದೆ. ಯಾವ ಮಾಸ್ತರರೂ ನನ್ನನ್ನು ಹಾಗೆ ನೋಡಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಪಾಸಾದೆ. ಹೇಗೆಂದು ಕೇಳಬೇಡಿ, ಅಂಚಿಗೆ ಜೋತುಬಿದ್ದು ದಾಟಿದೆ. ಅವ್ವ, ಶಾಂತವ್ವ, ನಾನು ಗೌಡಶಾನಿಯನ್ನು ಎತ್ತಿಕೊಂಡು ಗುಡಿಗೆ ಹೋದೆವು. ಪೂಜೆ ಮುಗಿಸಿ ಅವ್ವ ಅದನ್ನು ಹಿಂದಿನ ಬಯಲಿಗೆ ಬಿಟ್ಟಳು. ಅಲ್ಲಿ ಯಾರು ಯಾರೋ ಹರಕೆಗೆ ಬಿಟ್ಟ ಕೋಳಿಗಳ ದೊಡ್ಡ ಹಿಂಡೇ ಇತ್ತು. ಎಲ್ಲವೂ ದೇವರ ಕೋಳಿಗಳೇ. ಗೌಡಶಾನಿ ಎಂದಿನ ಗತ್ತಿನಲ್ಲಿ ಕಾಳಿಗೆ ಹೋಯಿತು. ಒಂದು ಬಿಳಿ ಕೋಳಿ ಅದರ ನೆತ್ತಿಗೆ ಕುಕ್ಕಿತು, ಆಮೇಲೆ ಉಳಿದವೂ ಮುತ್ತಿದವು. ಗೌಡಶಾನಿ ಗೋಡೆಯ ಮೂಲೆಗೆ ಹೋಗಿ ತಲೆ ಒಳಗೆ ಮಾಡಿಕೊಂಡು ನಿಂತಿತು. ಅವ್ವನ ಮುಖ ಸಣ್ಣದಾಯಿತು. ಬಿಟ್ಟದ್ದನ್ನು ತಿರುಗಿ ತರುವಂತಿಲ್ಲ.

ಆಗ ಶಾಂತವ್ವ ಸೆರಗಿನಲ್ಲಿದ್ದ ಜೋಳ ತೆಗೆದು ಆ ಮೂಲೆಗೆ ಹೋಗಿ ಕೂತಳು. ಒಂದು ಕೈಯಿಂದ ಬಿಳಿ ಕೋಳಿಯನ್ನು “ಹುಶ್, ಹುಶ್” ಎಂದು ತಡೆಯುತ್ತಾ ಗೌಡಶಾನಿ ತಿನ್ನುವ ತನಕ ಏಳಲಿಲ್ಲ.

ಇನ್ನು ಹಿತ್ತಲಿಗೆ ಶಾಂತಿ ಬಂತು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಮರುದಿನವೇ ಒಂದು ಕಂದು ಕೋಳಿ, ಇಷ್ಟು ದಿನ ತಾನೇ ಪೆಟ್ಟು ತಿಂದದ್ದು, ಕರಿಕಿಯ ಕುತ್ತಿಗೆಗೆ ಕೊಕ್ಕು ಹಾಕಿತು. ಈ ಸಲ ಶಾಂತವ್ವ ಯಾರನ್ನೂ ಕೇಳಲಿಲ್ಲ. ಕಂದು ಕೋಳಿಯನ್ನು ಹಿಡಿದು ಅದರ ಮೇಲೆ ಬುಟ್ಟಿ ಮುಚ್ಚಿದಳು. ಒಳಗಿನಿಂದ ಅದು ಬುಟ್ಟಿಯನ್ನು ಅಲುಗಾಡಿಸಿತು. ಅವ್ವ ಕಟ್ಟೆಯಿಂದ ಎದ್ದು ಬಂದಳು. ಈಗ ಜಗಳವೇ ಎಂದುಕೊಂಡೆ. ಅವ್ವ ಒಂದು ಕಲ್ಲು ಎತ್ತಿ ಬುಟ್ಟಿಯ ಮೇಲಿಟ್ಟು ಒಳಗೆ ಹೋದಳು. ಕೆಲವು ದಿನ ಬಿಟ್ಟು ಹೊರಗೆ ತೆಗೆದಾಗ ಕಂದು ಕೋಳಿ ಹಿಂಡಿಗೆ ಹೊಸಬಳಂತೆ ಅಳುಕುತ್ತಾ ಬಂತು. ಕರಿಕಿಯ ಕುತ್ತಿಗೆಯ ಮೇಲೆ ನಿಧಾನಕ್ಕೆ ಪುಕ್ಕ ಮೂಡಿತು.

ಇಷ್ಟು ಟೈಪು ಮಾಡುವಷ್ಟರಲ್ಲಿ, “ಕಾಲ ಚಾಚ್ರಿ,” ಎಂದು ಶಾಂತವ್ವ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಹಚ್ಚುತ್ತಿರುವಾಗ ಕೇಳಿದೆ, “ಅಲ್ಲ, ಅವತ್ತ ಗುಡ್ಯಾಗ ಗೌಡಶಾನಿಗೆ ಯಾಕ ಕಾಳ ಹಾಕಿದಿ? ಅದರ ಮ್ಯಾಲೆ ನಿನಗ ಸಿಟ್ಟಿತ್ತಲ್ಲ?”

“ಸಿಟ್ಟ ಇತ್ರಿ. ಆದ್ರ ಹೊಸಾ ಮನಿಗೆ ಹೋದ ದಿನಾ ಎಲ್ಲಾರೂ ಉಣ್ಣಾಕತ್ತಿರ್ತಾರ, ನಮಗ ಬಾ ಅನ್ನೋರು ಒಬ್ರೂ ಇರೂದಿಲ್ಲ. ಅದು ಹೆಂಗ ಇರ್ತೈತಿ ನನಗ ಗೊತ್ತಿತ್ತು.”

ಅವಳು ಎಣ್ಣೆ ತಿಕ್ಕುತ್ತಲೇ ಇದ್ದಳು. ನಾನು ಕೇಳಿದೆ, “ನಿಂದು ಊಟಾ ಆತೇನು?”

“ನಿಮ್ಮದಾದ ಮ್ಯಾಲೆ ನಂದು.”

ಎಣ್ಣೆಗಾಲಿನಲ್ಲೇ ಗೋಡೆ ಹಿಡಿದು ಎದ್ದು ಹೋಗಿ ಎರಡು ತಾಟು ಹಾಕಿದೆ. ಮೊದಲ ರೊಟ್ಟಿ ಅವಳ ತಾಟಿಗೆ ಇಟ್ಟು, “ಬಾ,” ಅಂದೆ.