ಕಡವಿನಲ್ಲಿ ಇಳಿದವಳು

ಬಜಗೋಳಿಯಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಕೈಯಲ್ಲಿ ತಮ್ಮನಿಗೆ ಕೊಟ್ಟು ಕಳಿಸಲು ಮಾವಿನ ಮಿಡಿ ಉಪ್ಪಿನಕಾಯಿಯ ಪುಟ್ಟ ಭರಣಿ. ನನ್ನ ಒಬ್ಬನೇ ತಮ್ಮ ಜಯ ಅಂದು ಸಂಜೆ ಉಡುಪಿಯಲ್ಲಿ ಬೊಂಬಾಯಿ ಬಸ್ಸು ಹತ್ತಿ, ಅಲ್ಲಿಂದ ಗಲ್ಫಿಗೆ ಹೋಗುವವನಿದ್ದ. ಮತ್ತೆ ಅವನ ಮುಖ ನೋಡುವುದು ಯಾವಾಗಲೋ. "ಅಕ್ಕ ಊಟಕ್ಕೆ ಬರಲಿ, ನಾನು ದೋಣಿ ಕಡವಿಗೆ ಬರುತ್ತೇನೆ" ಎಂದು ಬಸ್ಸಿನವರ ಹತ್ತಿರ ಹೇಳಿ ಕಳಿಸಿದ್ದ. ಎಂಬತ್ತರ ಆಸುಪಾಸಿನ ಆ ದಿನಗಳಲ್ಲಿ ನಮಗೆ ಅಂಚೆಗಿಂತ ಕಂಡಕ್ಟರರ ಮೇಲೇ ನಂಬಿಕೆ ಹೆಚ್ಚು.

ಕಾರ್ಕಳದಲ್ಲಿ ಬಸ್ಸು ಬದಲಿಸಿದೆ. ಹಿರಿಯಡ್ಕ, ಪರ್ಕಳ ದಾಟುವವರೆಗೂ ನಿಂತೇ ಇದ್ದೆ. ಮಣಿಪಾಲದಲ್ಲಿ ವಿದ್ಯಾರ್ಥಿಗಳು ಇಳಿದು ಸೀಟು ಸಿಕ್ಕಿತು. ಕೂತು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಉಡುಪಿ.

ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ತಲೆ ಕೆಟ್ಟಿತು. ನಾನು ಬೋರ್ಡು ಓದಿ ಬಸ್ಸು ಹತ್ತುವವಳಲ್ಲ, ಬಣ್ಣ ನೋಡಿ ಹತ್ತುವವಳು. ಕಡವಿಗೆ ಹೋಗುವ ಹಸಿರು ಬಸ್ಸು ಅಲ್ಲೇ ಇತ್ತು, ಆದರೆ ಅದರ ಹಣೆಯ ಮೇಲೆ ಹೊಳೆಯಾಚೆಗಿನ ನನ್ನ ತವರೂರಿನ ಹೆಸರು!

"ಇದು ಕಡವಿಗೆ ಹೋಗುವುದಿಲ್ವಾ?"

"ಎಂತ ಕಡವು ಅಕ್ಕ? ಸೇತುವೆ ಆಯ್ತಲ್ವಾ! ಬಸ್ಸೇ ಆಚೆ ಹೋಗ್ತದೆ, ಕೂತುಕೊಳ್ಳಿ," ಎಂದ ಕಂಡಕ್ಟರ್.

ಹಿಂದೆಲ್ಲ ಬಸ್ಸಿನ ಪ್ರಯಾಣ ಹೊಳೆಯ ಈಚೆ ದಡಕ್ಕೆ ಮುಗಿಯುತ್ತಿತ್ತು. ಇಳಿದು ಇದ್ದಿನಬ್ಬ ಬ್ಯಾರಿಯ ದೋಣಿಯಲ್ಲಿ ದಾಟಿದರೆ ಆಚೆ ದಡದಲ್ಲಿ ಇನ್ನೊಂದು ಬಸ್ಸು ಕಾದಿರುತ್ತಿತ್ತು. ಬಂದವರನ್ನು ಆಚೆ ದಡದಲ್ಲಿ ಎದುರುಗೊಳ್ಳುವುದು, ಹೋಗುವವರು ಈಚೆ ದಡ ಮುಟ್ಟುವವರೆಗೆ ಕೈಬೀಸುತ್ತ ನಿಲ್ಲುವುದು ನಮ್ಮ ಮನೆಯ ಕ್ರಮ.

ಕೆಮ್ಮಣ್ಣು ದಾಟಿ ಹೊಳೆಯ ಬದಿಗೆ ಬಂದಾಗ ಬಸ್ಸು ಅಭ್ಯಾಸಬಲದಿಂದ ಹಳೆಯ ಜಾಗದಲ್ಲೇ ನಿಂತಿತು. ಅಭ್ಯಾಸಬಲದಿಂದ ಅರ್ಧ ಬಸ್ಸೇ ಇಳಿಯಿತು, ಎಲ್ಲರಿಗಿಂತ ಮುಂದೆ ನಾನು. "ಹತ್ತಿ ಮಾರಾಯ್ರೆ, ಹತ್ತಿ!" ಎಂದು ಕಂಡಕ್ಟರ್ ಕೂಗಿದಾಗ ಉಳಿದವರು ನಗುತ್ತ ಹತ್ತಿದರು. ನಾನು ಹತ್ತಲಿಲ್ಲ. ಜಯ ಕಡವಿಗೆ ಬರುತ್ತೇನೆ ಎಂದಿದ್ದನಲ್ಲ! ಬಸ್ಸು ತಿರುವಿನಾಚೆಯ ಸೇತುವೆಯತ್ತ ಹೊರಟೇಹೋಯಿತು.

ದೋಣಿ ದಡದಲ್ಲಿ ಮಗುಚಿ ಬಿದ್ದಿತ್ತು. ಪಕ್ಕದಲ್ಲಿ ಇದ್ದಿನಬ್ಬ ಬಲೆ ಹೊಲಿಯುತ್ತ ಕೂತಿದ್ದರು. ಆಚೆ ದಡದಲ್ಲಿ ಜಯ! ನಾನು ಸೇತುವೆಯತ್ತ ಕೈ ತೋರಿಸಿದೆ, ಅವನೂ ತೋರಿಸಿದ. ಸರಿ, ಮಾತು ಮುಗಿಯಿತು ಎಂದುಕೊಂಡು ಓಡಿಹೋಗಿ ಮುಂದಿನ ಬಸ್ಸು ಹಿಡಿದೆ. ಸೇತುವೆಯ ನಡುವೆ ಎದುರಿನಿಂದ ಬಸ್ಸೊಂದು ಬಂತು. ಅದರ ಕಿಟಕಿಯಲ್ಲಿ ಜಯ! "ಅಕ್ಕಾ!" ಎಂದ. "ಜಯಾ!" ಎಂದೆ. ಎರಡೂ ಬಸ್ಸುಗಳು ಅವುಗಳ ಪಾಡಿಗೆ ಹೋದವು.

ಆಚೆ ದಡದ ಕಡವಿಗೆ ಬಂದು ನಿಂತೆ. ಈಗ ಅವನು ಅಲ್ಲಿ, ನಾನು ಇಲ್ಲಿ. ಇನ್ನೊಮ್ಮೆ ಸೇತುವೆ ದಾಟಿದರೆ ಅವನೂ ದಾಟಿಬಿಟ್ಟರೆ? ಅಲ್ಲೇ ಕಲ್ಲಿನ ಮೇಲೆ ಕೂತೆ. ಅಳು ಬಂತು. ಹೊತ್ತು ಜಾರುತ್ತಿತ್ತು.

ಆಗ ದೋಣಿ ನೀರಿಗೆ ಇಳಿಯುವುದು ಕಂಡಿತು. ಜಯ ಮುಂದೆ ಕೂತಿದ್ದ, ಇದ್ದಿನಬ್ಬ ಬಿದಿರ ಜಲ್ಲೆ ಊರಿ ದೋಣಿ ನಡೆಸುತ್ತಿದ್ದರು. ದಡಕ್ಕೆ ಬಂದವರೇ, "ನೀನು ಅಲ್ಲಾಡಬೇಡ ಮಾರಾಯ್ತಿ! ಇಲ್ಲದಿದ್ದರೆ ಇವತ್ತಿಡೀ ಇದೇ ಆದೀತು," ಎಂದು ಗದರಿದರು.

ಮನೆಗೆ ಹೋಗಿ ಊಟಕ್ಕೆ ಕೂತದ್ದೇ ತಡವಾಗಿ. ಅವಸರದಲ್ಲಿ ಏನು ಮಾತಾಡಿದೆವೋ ನೆನಪಿಲ್ಲ. ಹೊರಡುವಾಗ ನಾನು ಒಂದು ಕೈಯಲ್ಲಿ ಸೂಟ್‌ಕೇಸು ಹಿಡಿದು ಬಸ್ಸಿನ ದಾರಿಗೆ ತಿರುಗಿದೆ. ಜಯ ತಡೆದ.

"ಬಸ್ಸಲ್ಲಿ ಬೇಡ ಅಕ್ಕ. ಅದು ಸೇತುವೆಯನ್ನು ಒಮ್ಮೆಲೇ ದಾಟಿಬಿಡ್ತದೆ. ನಿನ್ನನ್ನು ನೋಡಿಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ."

ಇದ್ದಿನಬ್ಬ ಕಾದಿದ್ದರು. ದೋಣಿ ಇಳಿದು ಹಳೆಯ ಜಾಗದಲ್ಲಿ ಉಡುಪಿಯ ಬಸ್ಸಿಗೆ ಕೈ ತೋರಿಸಿದರೆ ನಿಲ್ಲಿಸುತ್ತಾರೆ ಎಂದರು. ಜಯ ದೋಣಿಯಲ್ಲಿ ನನ್ನ ಕಡೆಗೆ ಮುಖಮಾಡಿ ಕೂತ. ಬೆಳಗಿನಿಂದ ಮೊದಲ ಬಾರಿಗೆ ನನ್ನ ಗೊಂದಲ ಇಳಿಯಿತು. ಇಲ್ಲಿ ನಿಲ್ಲಬೇಕು, ನೋಡುತ್ತಿರಬೇಕು, ಅಷ್ಟೇ.

ದೋಣಿ ನಡುಹೊಳೆ ದಾಟಿತು. ಜಯ ಎರಡೂ ಕೈ ಬೀಸಿದ. ನಾನೂ ಬೀಸಲು ಕೈ ಎತ್ತಿದೆ. ಕೈಯಲ್ಲಿ ಉಪ್ಪಿನಕಾಯಿಯ ಭರಣಿ ಇತ್ತು.