ಗ್ರೀಸ್ ನಿಪ್ಪಲ್ಲಿಗೆ ಇಟ್ಟ ಗಂಧ

ಯಂತ್ರಕ್ಕೆ ಪೂಜೆ ಮಾಡಿ, ಬೇಡ ಅನ್ನುವುದಿಲ್ಲ. ಹಾರ ಹಾಕಿ, ಬೂದುಗುಂಬಳ ಒಡೆಯಿರಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಿ. ಆದರೆ ಗ್ರೀಸ್ ಹೊಡೆಯುವ ತೂತಿನ ಮೇಲೆ ಗಂಧ ಮೆತ್ತುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನನಗೆ ಕೆಲಸ ಕಲಿಸಿದ ಮನುಷ್ಯನ ಅನ್ನಕ್ಕೆ ಕಲ್ಲು ಬಿದ್ದದ್ದು ಆ ಗಂಧದಿಂದ.

ಎಂಬತ್ತರ ದಶಕದ ಶುರುವಿನ ಮಾತು. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ವರ್ಕ್‌ಶಾಪು. ನೇಗಿಲು, ಕುಂಟೆ, ಟ್ರೈಲರು, ಹೀಗೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವಂಥದ್ದನ್ನೆಲ್ಲ ಮಾಡುತ್ತಿದ್ದೆವು. ನಾನು ಫಿಟ್ಟರು, ಟ್ರ್ಯಾಕ್ಟರ್ ಓಡಿಸುವುದೂ ನಾನೇ. ನನ್ನ ಮೇಲೆ ಮೇಸ್ತ್ರಿ. ಐವತ್ತು ದಾಟಿದ್ದರೂ ಬಿನ್ನಿಪೇಟೆಯಿಂದ ದಿನಾ ನಡೆದುಕೊಂಡೇ ಬರುತ್ತಿದ್ದರು. ಮೇಸ್ತ್ರಿಯ ಮೇಲೆ ಯಜಮಾನರು, ಬಸವನಗುಡಿಯವರು. ಸ್ಪಾನರ್ ಹಿಡಿದು ಗೊತ್ತಿಲ್ಲ, ಊದುಬತ್ತಿ ತಿರುಗಿಸುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ.

ಯಾವುದೋ ಪರದೇಶದ ಕ್ಯಾಟಲಾಗಿನ ಒಂದು ಚಿತ್ರ ನೋಡಿಕೊಂಡು ಮೇಸ್ತ್ರಿ ಎರಡು ವರ್ಷ ಹೆಣಗಿ ಒಂದು ಯಂತ್ರ ಮಾಡಿದ್ದರು. ಹೊಲದ ಕಲ್ಲು ಆಯುವ ಯಂತ್ರ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಮುಂದಿನ ಹಲ್ಲುಗಳು ಮಣ್ಣಿಗಿಳಿದು ಕಲ್ಲನ್ನು ಎಬ್ಬಿಸುತ್ತವೆ. ಅವುಗಳ ಮೇಲೆ ತಿರುಗುವ ರಾಟೆ ಆ ಕಲ್ಲುಗಳನ್ನು ಕಂಬಿಯ ಜಾಲರಿಯ ಮೇಲಕ್ಕೆ ಬಾಚುತ್ತದೆ. ಮಣ್ಣು ಸಂದಿಯಲ್ಲಿ ಉದುರಿ, ಕಲ್ಲು ಹಿಂದಿನ ತೊಟ್ಟಿಗೆ ಬೀಳುತ್ತದೆ. ತುಂಬಿದಾಗ ಬದುವಿನ ಹತ್ತಿರ ಒಯ್ದು ಮಗುಚಬೇಕು. ಜೋರಾಗಿ ಓಡಿಸಿದರೆ ಹಲ್ಲು ಮುರಿಯುತ್ತದೆ, ಆಳಕ್ಕೆ ಇಳಿಸಿದರೆ ಹೊಲದ ಮಣ್ಣೆಲ್ಲ ತೊಟ್ಟಿಗೇ ಬರುತ್ತದೆ. ದಪ್ಪ ಕಲ್ಲು ಸಿಕ್ಕಿಕೊಂಡರೆ ಇಂಜಿನ್ ಆರಿಸಿ, ಇಳಿದು, ಹಾರೆಯಿಂದ ಮೀಟಬೇಕು. ರಾಟೆ ತಿರುಗುವಾಗಲೇ ಕೈ ಹಾಕುವವನಿಗೆ ಆ ಕೈಯ ಆಸೆ ಇರಬಾರದು.

ಇಷ್ಟೆಲ್ಲಕ್ಕಿಂತ ಮುಖ್ಯವಾದದ್ದು ರಾಟೆಯ ಎರಡು ಕಡೆಯ ಬೇರಿಂಗಿಗೆ ದಿನಾ ಬೆಳಿಗ್ಗೆ ಗ್ರೀಸು. ಅದು ಒಳಗೆ ಹೋಗುವುದಕ್ಕೆ ಶರ್ಟಿನ ಗುಂಡಿಗಿಂತ ಚಿಕ್ಕದೊಂದು ಮೂತಿ ಇರುತ್ತದೆ, ಅದೇ ನಿಪ್ಪಲ್ಲು. ಗ್ರೀಸ್ ಒತ್ತುವ ಪಂಪು, ಅಂದರೆ ಗನ್ನು, ಹಚ್ಚುವ ಮೊದಲು ಅದನ್ನು ಬಟ್ಟೆಯಿಂದ ಒರೆಸಬೇಕು. ಒರೆಸದಿದ್ದರೆ ಮೇಲಿನ ಕೊಳೆ ಒಳಗೆ ಹೋಗಿ ದಾರಿ ಕಟ್ಟುತ್ತದೆ. ಇದನ್ನು ಮೇಸ್ತ್ರಿ ನನಗೆ ಸಾವಿರ ಸಲ ಹೇಳಿದ್ದರು.

ಆ ವರ್ಷ ದಸರಾ ಮುಗಿಯುತ್ತಿದ್ದಂತೆ ಕೆಂಗೇರಿಯ ಆಚೆ ಒಬ್ಬರ ಬೀಳುಭೂಮಿಯಲ್ಲಿ ಯಂತ್ರ ಓಡಿಸಿ ತೋರಿಸಬೇಕಿತ್ತು. ಅವರು ದ್ರಾಕ್ಷಿ ಹಾಕುವವರಿದ್ದರು. ಕೆಲಸ ಒಪ್ಪಿಗೆಯಾದರೆ ಇನ್ನೂ ನಾಲ್ಕು ಯಂತ್ರ ಮಾಡೋಣ, ಇಲ್ಲವಾದರೆ ಇದನ್ನು ಗುಜರಿಗೆ ಹಾಕಿ ಮೇಸ್ತ್ರಿಯೂ ಬೇರೆ ಕಡೆ ನೋಡಿಕೊಳ್ಳಲಿ ಎಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ಮೂವತ್ತು ವರ್ಷ ಅಲ್ಲೇ ದುಡಿದ ಮನುಷ್ಯನಿಗೆ ಆಡುವ ಮಾತೇ ಅದು?

ಆಯುಧಪೂಜೆಯ ದಿನ ಯಜಮಾನರು ಯಂತ್ರದ ಸುತ್ತ ಕುಕ್ಕರಗಾಲಲ್ಲಿ ಕೂತು, ಹುಡುಕಿ ಹುಡುಕಿ ಒಂದೊಂದು ನಿಪ್ಪಲ್ಲಿಗೂ ಗಂಧ, ಅದರ ಮೇಲೆ ಕುಂಕುಮ ಇಟ್ಟರು. ಅವರ ಕಣ್ಣಿಗೆ ಅದು ಬೊಟ್ಟಿಡಲೆಂದೇ ಮಾಡಿದ ಜಾಗ. ವಿಜಯದಶಮಿಯ ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ನಾನು ಗನ್ನನ್ನೂ ಬಟ್ಟೆಯನ್ನೂ ಹಿಡಿದು ಬಗ್ಗಿದೆ. ಯಜಮಾನರು ಹಿಂದೆಯೇ ನಿಂತಿದ್ದರು.

"ಹಬ್ಬದ ಬೊಟ್ಟು ಕಣಯ್ಯಾ, ಅಳಿಸ್ಬೇಡ. ಹಂಗೇ ಹೊಡಿ," ಅಂದರು.

ಹಾಗೇ ಹೊಡೆದೆ. ಗ್ರೀಸು ಮೂತಿಯ ಸುತ್ತ ಉಕ್ಕಿ ಈಚೆಗೆ ಬಂತು. ಒಳಗೆ ತುಂಬಿರಬೇಕು ಅಂದುಕೊಂಡೆ. ಇಲ್ಲ, ಅದು ಸುಳ್ಳು, ಬೆಳಬೆಳಿಗ್ಗೆ ಇವರ ಬಾಯಿಗೆ ಯಾಕೆ ಬೀಳಲಿ ಅಂದುಕೊಂಡೆ. ಮೇಸ್ತ್ರಿ ಆಗ ಟ್ರೈಲರಿನ ಹತ್ತಿರ ಹಾರೆ, ಬಿಡಿ ಹಲ್ಲುಗಳನ್ನು ತುಂಬಿಸುತ್ತಿದ್ದರು.

ಹೊಲದಲ್ಲಿ ಮೊದಲ ಮೂರು ಸುತ್ತು ಎಷ್ಟು ಚೆನ್ನಾಗಿ ನಡೆಯಿತೆಂದರೆ ಮೇಸ್ತ್ರಿ ಯಂತ್ರದ ಪಕ್ಕದಲ್ಲಿ ನಗುತ್ತಾ ನಡೆದರು. ನಾಲ್ಕನೆಯ ಸುತ್ತಿಗೆ ಬಲಗಡೆಯಿಂದ ಕಿರ್ರೋ ಎಂಬ ಸದ್ದು, ಸುಟ್ಟ ವಾಸನೆ. ನಾನು ಕ್ಲಚ್ಚು ತುಳಿಯುವಷ್ಟರಲ್ಲಿ ಶಾಫ್ಟು ತುಂಡಾಗಿ ರಾಟೆ ಜಾಲರಿಯ ಮೇಲೆ ಕುಸಿಯಿತು. ಜಮೀನಿನವರು ಮುಖ ಸಿಂಡರಿಸಿಕೊಂಡು, ನಿಮ್ಮ ಆಟದ ಸಾಮಾನು ತೆಗೆದುಕೊಂಡು ಹೋಗಿ ಎಂದರು. ಮೇಸ್ತ್ರಿ ಆ ಬಿಸಿ ಬೇರಿಂಗಿನ ಪಕ್ಕ ಕೂತುಬಿಟ್ಟರು.

ವರ್ಕ್‌ಶಾಪಿಗೆ ಬಂದು ಬಿಚ್ಚಿದೆ. ಬೇರಿಂಗು ಒಣಗಿ, ಕಾದು ನೀಲಿಯಾಗಿತ್ತು. ನಿಪ್ಪಲ್ಲಿನ ಒಳಗೆ ಗಂಧ ಗಟ್ಟಿಯಾಗಿ ಬಿರಡೆಯಂತೆ ಕೂತಿತ್ತು. ಅಷ್ಟು ಹೊತ್ತಿಗೆ ಯಜಮಾನರು ಮೇಸ್ತ್ರಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಗ್ರೀಸು ಹಾಕಲೂ ಬಾರದ ಮೇಸ್ತ್ರಿ ತನಗೆ ಯಾಕೆ ಎಂದು ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ನೇರ ಹೋಗಿ ಆ ನಿಪ್ಪಲ್ಲನ್ನು ಅವರ ಮೇಜಿನ ಮೇಲೆ ಕುಕ್ಕಿದೆ. ನೋಡಿ, ನಿಮ್ಮ ಗಂಧ, ಇದೇ ಯಂತ್ರವನ್ನು ಹಾಳು ಮಾಡಿದ್ದು ಎಂದು ನಾನೂ ಕೂಗಾಡಿದೆ. ಆ ಪುಣ್ಯಾತ್ಮರು ಏನು ಮಾಡಿದರು ಗೊತ್ತೆ? ಅದನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು.

"ದೇವ್ರ ಗಂಧ ಮಿಷನ್ ಕೆಡಿಸುತ್ತೇನಯ್ಯಾ? ಗ್ರೀಸ್ ಸರಿಯಾಗಿ ಹೋಗಿಲ್ಲ ಅಷ್ಟೆ. ಬೆಳಿಗ್ಗೆ ಗನ್ ಹಿಡಿದಿದ್ದೋರು ಯಾರು?"

ಬೆನ್ನ ಹಿಂದೆಯೇ ನಿಂತಿದ್ದ ಮನುಷ್ಯ ಕೇಳುವ ಪ್ರಶ್ನೆ! ಸಿಟ್ಟಿಗೆ ನನ್ನ ಬಾಯೇ ಕಟ್ಟಿಹೋಯಿತು.

"ನಾನೇ ಯಜಮಾನ್ರೇ. ಒರ್ಸೋದು ಮರ್ತೆ," ಅಂದರು ಮೇಸ್ತ್ರಿ.

ಅವರು ಖಾಕಿ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದರು. ನನಗೆ ಅವರ ಮೇಲೂ ಕೆಟ್ಟ ಕೋಪ ಬಂತು. ಮೇಸ್ತ್ರಿ ಪ್ರತಿ ಸೋಮವಾರ ಗವಿಪುರದ ಗುಡಿಗೆ ತಪ್ಪದೆ ಹೋಗುವವರು. ಗಂಧದ ಮೇಲೆ ತಪ್ಪು ಹೊರಿಸಲು ಹೆದರಿ ಸುಳ್ಳು ಹೇಳಿದರು ಎಂದೇ ಲೆಕ್ಕ ಹಾಕಿದೆ. ವಾರವಿಡೀ ಮನೆಯಲ್ಲೂ ಕೆಲಸದಲ್ಲೂ ಹಲ್ಲು ಕಡಿದೆ.

ಭಾನುವಾರ ಬಿನ್ನಿಪೇಟೆಗೆ ಅವರ ಮನೆಗೇ ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ನಾನು ಲೋಟ ಮುಟ್ಟದೆ, ಎದೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಯಜಮಾನರಿಗೆ ಬೈದೆ, ಪೂಜೆಗೆ ಬೈದೆ, ಕೊನೆಗೆ ಮೇಸ್ತ್ರಿಗೇ ಬೈದೆ. ಅಷ್ಟೂ ವರ್ಷದ ಮರ್ಯಾದೆಯನ್ನು ಒಂದು ಸುಳ್ಳಿಗೆ ಕಳೆದುಕೊಂಡಿರಲ್ಲ, ದೇವರಿಗೆ ಅಷ್ಟು ಹೆದರಬೇಕಿತ್ತಾ ಎಂದೆ.

ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡರು.

"ದೇವ್ರಿಗೆ ಯಾಕಪ್ಪಾ ಹೆದರ್ಲಿ? ಗಂಧದ್ದು ತಪ್ಪಲ್ಲ ಅಂದ್ಮೇಲೆ ಗನ್ ಹಿಡಿದೋನ್ದೇ ತಪ್ಪು ಅಂತಾರೆ. ನಿನ್ ಹೆಂಡ್ತಿ ಬಸುರಿ. ಅದಕ್ಕೆ ನಾನೇ ಅಂದೆ." ಲೋಟವನ್ನು ನನ್ನ ಕಡೆಗೆ ಸರಿಸಿದರು. "ನೀನು ಅಲ್ಲೇ ನಿಂತಿದ್ಯಲ್ಲಾ. 'ಇಲ್ಲ, ಗ್ರೀಸ್ ಹೊಡ್ದಿದ್ದು ನಾನು' ಅಂತ ನೀನು ಹೇಳ್ತೀಯೇನೋ ಅಂತ ಅಂಗಿ ಬಿಚ್ಚೋವಾಗ್ಲೂ ಕಾದೆ. ಹೋಗ್ಲಿ ಬಿಡು, ಕಾಫಿ ಆರೋಗ್ತಿದೆ."

ಕಾಫಿ ಕುಡಿದೆ. ಸೋಮವಾರ ಬೆಳಿಗ್ಗೆ ಎಂಟಕ್ಕೆ ಅದೇ ವರ್ಕ್‌ಶಾಪಿಗೆ ಕೆಲಸಕ್ಕೆ ಹೋದೆ.